ಗ್ಯಾಲರಿ ತುಂಬ ಫೋಟೊ, ಬೇಕಾದಾಗ ಒಂದೂ ಇಲ್ಲ

ಹಳ್ಳಿಮೈಸೂರು, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಊರಿನ ಬಸ್ ಸ್ಟ್ಯಾಂಡಿಗೆ ಬೇಕಾದರೂ ಹೋಗಿ, ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಕಣ್ಣಿಗೆ ಬಿದ್ದೇ ಬೀಳುತ್ತೆ. ಅದರಲ್ಲಿರೋ ಫೋಟೊವನ್ನು ಸ್ವಲ್ಪ ಗಮನ ಕೊಟ್ಟು ನೋಡಿ. ಎಷ್ಟೋ ಸಲ ಅದು ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಕತ್ತರಿಸಿದ ಮುಖವಾಗಿರುತ್ತೆ. ಭುಜದ ಮೇಲೆ ಪಕ್ಕದವರ ಕೈ ಹಾಗೇ ಉಳಿದಿರುತ್ತೆ. ಅದೂ ಸಿಗದಿದ್ದರೆ ಆಧಾರ್ ಕಾರ್ಡಿನ ಫೋಟೊ. ಅದನ್ನು ಆರು ಅಡಿ ಫ್ಲೆಕ್ಸಿಗೆ ಹಿಗ್ಗಿಸಿದಾಗ ಕಣ್ಣು ಮೂಗೆಲ್ಲ ಚೌಕ ಚೌಕವಾಗಿ ಒಡೆದುಹೋಗಿರುತ್ತೆ. ಆ ಮನೆಯಲ್ಲಿ ನಾಲ್ಕು ಸ್ಮಾರ್ಟ್‌ಫೋನ್ ಇರುತ್ತೆ, ಒಂದೊಂದರಲ್ಲೂ ಸಾವಿರಾರು ಫೋಟೊ ಇರುತ್ತೆ. ಅದೇ ಮನೇಲಿ ಜೀವಮಾನ ಪೂರ್ತಿ ಬಾಳಿದ ಅಜ್ಜಿಯದು ಮಾತ್ರ ನೆಟ್ಟಗಿರುವ ಒಂದು ಫೋಟೊ ಸಿಗೋದಿಲ್ಲ.

ಫೋಟೊಗ್ರಫಿಯಲ್ಲಿ ಆಗುವ ತಪ್ಪುಗಳ ಬಗ್ಗೆ ಯಾರಾದರೂ ಹೇಳೋಕೆ ಶುರು ಮಾಡಿದರೆ ಮಾತು ಸೀದಾ ಕ್ಯಾಮೆರಾದ ಬೆಲೆಗೆ, ಲೆನ್ಸಿಗೆ, ಲೈಕಿಗೆ ಹೋಗುತ್ತೆ. ಫೋಟೊ ಕೆಟ್ಟರೆ ನಾಲ್ಕು ಲೈಕು ಕಡಿಮೆ ಬಂದೀತು, ಅದಕ್ಕಿಂತ ಹೆಚ್ಚಿಗೆ ಏನೂ ನಷ್ಟ ಇಲ್ಲ ಅನ್ನೋ ಭಾವನೆ ನಮ್ಮ ಕ್ಯಾಂಪಸ್ಸಿನಲ್ಲೂ ಇದೆ. ಕನ್ನಡ ಸಂಘದ ನಾವು ಇದನ್ನು ಒಪ್ಪೋದಿಲ್ಲ. ಫೋಟೊ ಅಂದರೆ ಆ ಹೊತ್ತು ಅಲ್ಲಿ ಇಲ್ಲದವರಿಗೆ ತೋರಿಸೋಕೆ ಇಟ್ಟುಕೊಳ್ಳುವ ಸಾಕ್ಷಿ. ಅದು ಯಾವಾಗ ಬೇಕಾಗುತ್ತೆ ಅಂತ ಮೊದಲೇ ಗೊತ್ತಿರೋದಿಲ್ಲ, ಬೇಕಾದಾಗ ಮತ್ತೆ ತೆಗೆಯೋಕೂ ಆಗೋದಿಲ್ಲ. ಹಾಗಾಗಿ ಸಾಮಾನ್ಯ ತಪ್ಪುಗಳನ್ನು ನಮ್ಮ ಜಿಲ್ಲೆಯ ನಾಲ್ಕೈದು ಉದಾಹರಣೆ ಇಟ್ಟುಕೊಂಡೇ ನೋಡೋಣ.

ಮನೆಯವರ ಮುಖ

ಮೊದಲನೇ ತಪ್ಪು, ಬೆಳಕು ಎಲ್ಲಿಂದ ಬರ್ತಿದೆ ಅಂತ ನೋಡದೆ ಕ್ಲಿಕ್ಕಿಸೋದು. ಮಧ್ಯಾಹ್ನ ಹನ್ನೆರಡಕ್ಕೆ ಅಂಗಳದಲ್ಲಿ ನಿಲ್ಲಿಸಿದರೆ ಸೂರ್ಯ ನೆತ್ತಿ ಮೇಲಿರ್ತಾನೆ. ಹಣೆ, ಮೂಗಿನ ತುದಿ ಹೊಳೆಯುತ್ತೆ, ಕಣ್ಣಿನ ಗುಳಿ ಕಪ್ಪಾಗುತ್ತೆ. ಬಾಗಿಲ ಎದುರಿಗೆ ಒಳಗಡೆಯಿಂದ ತೆಗೆದರೆ ಹೊರಗಿನ ಬಿಸಿಲು ಹಿಂದೆ ಬಂದು ಮುಖವೇ ಕಾಣದು. ಎರಡಕ್ಕೂ ಪರಿಹಾರ ನಮ್ಮ ಹಳೇ ಮನೆಗಳಲ್ಲೇ ಇದೆ. ತೊಟ್ಟಿ ಮನೆಯ ಪಡಸಾಲೆಯಲ್ಲಿ ಕೂರಿಸಿ, ಮುಖ ತೊಟ್ಟಿಯ ಕಡೆಗಿರಲಿ. ಮೇಲಿಂದ ಇಳಿಯುವ ಆಕಾಶದ ಬೆಳಕು ಸ್ಟುಡಿಯೊದವರು ದುಡ್ಡು ಕೊಟ್ಟು ತರುವ ಸಾಫ್ಟ್‌ಬಾಕ್ಸ್ ಮಾಡೋ ಕೆಲಸವನ್ನೇ ಮಾಡುತ್ತೆ. ತೊಟ್ಟಿ ಇಲ್ಲದಿದ್ದರೆ ಜಗುಲಿ ಸಾಕು. ನೆರಳಲ್ಲಿ ಕೂರಬೇಕು, ಬಯಲಿನ ಕಡೆ ನೋಡಬೇಕು, ಅಷ್ಟೇ.

ಎರಡನೇದು, ತೀರ ಹತ್ತಿರ ಹೋಗೋದು. ಫೋನಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಅದನ್ನು ಒಂದಡಿ ದೂರದಲ್ಲಿ ಹಿಡಿದರೆ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಹೋಗಿ, ಮನುಷ್ಯರ ಗುರುತೇ ಬದಲಾಗುತ್ತೆ. ಐದಾರು ಅಡಿ ಹಿಂದೆ ಸರಿದು 2 ಪಟ್ಟು ಝೂಮ್ ಇಟ್ಟರೆ ಮುಖ ಮುಖದ ಹಾಗೇ ಬರುತ್ತೆ. ಕೂತವರನ್ನು ನಿಂತುಕೊಂಡು ಮೇಲಿಂದ ತೆಗೆಯಬೇಡಿ. ನೀವೂ ಕೂರಿ, ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಬರಲಿ.

ಹಿಂದೆ ಏನಿದೆ ಅಂತಲೂ ನೋಡಿ. ಅಜ್ಜಿ ತಲೆಯಿಂದ ಟ್ಯೂಬ್‌ಲೈಟ್ ಹುಟ್ಟಿದ ಹಾಗೆ, ತಾತನ ಪಕ್ಕ ಗ್ಯಾಸ್ ಸಿಲಿಂಡರ್ ಕಾವಲು ನಿಂತ ಹಾಗೆ ಬರುವ ಫೋಟೊಗಳಿಗೆ ಲೆಕ್ಕವಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಇದು ಸರಿಹೋಗುತ್ತೆ. ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಅಜ್ಜಿಯ ಕೆನ್ನೆಯ ಸುಕ್ಕು ಅಳಿಸಿದರೆ ಉಳಿಯೋದು ಇನ್ಯಾರೋ.

ಇನ್ನೊಂದು ಮಾತು. “ಅಯ್ಯೋ, ನಂದ್ಯಾಕಪ್ಪ ಫೋಟೊ? ತಡಿ ಮಗ, ಸೀರೆ ಬದ್ಲಾಯಿಸ್ಕಂಡು ಬತ್ತೀನಿ” ಅಂತ ಅಜ್ಜಿ ಅಂದರೆ “ಇರ್ಲಿ ಬಿಡಜ್ಜಿ” ಅನ್ನಬೇಡಿ, ಕಾಯಿರಿ. ತಾನು ಹೇಗೆ ಕಾಣಬೇಕು ಅನ್ನೋದು ಅವರ ಹಕ್ಕು. ಬಂದು ಕೂತ ಮೇಲೆ ಒಂದೇ ಸಲ ಒತ್ತಿ ಮುಗಿಸಬೇಡಿ. ಫೋಟೊಗೆ ಅಂತ ಬಿಗಿ ಹಿಡಿದ ಮುಖ ಸಡಿಲವಾಗೋಕೆ ಎರಡು ನಿಮಿಷ ಮಾತು ಬೇಕು. ಆಮೇಲೆ ಬರೋದೇ ಅವರ ನಿಜವಾದ ಮುಖ.

ಆಲೂಗೆಡ್ಡೆ ಎಲೆ

ಮಳೆಗಾಲದಲ್ಲಿ ಹಾಸನ ಸೀಮೆಯ ಆಲೂಗೆಡ್ಡೆ ಹೊಲಕ್ಕೆ ಅಂಗಮಾರಿ ಬಿದ್ದರೆ ಕೆಲವೇ ದಿನದಲ್ಲಿ ಬೆಳೆ ಕೈಬಿಟ್ಟು ಹೋಗುತ್ತೆ. ಈಗ ಊರಿನ ಅಪ್ಪಂದಿರು, ಚಿಕ್ಕಪ್ಪಂದಿರು ಮೊದಲು ಮಾಡೋ ಕೆಲಸ ಎಲೆಯ ಫೋಟೊ ತೆಗೆದು ತಿಳಿದವರಿಗೆ ವಾಟ್ಸ್‌ಆ್ಯಪ್ ಮಾಡೋದು. ಆ ಫೋಟೊ ಮಂಜು ಮಂಜಾಗಿದ್ದರೆ ನೋಡಿದವರು ಊಹೆ ಮೇಲೆ ಔಷಧಿ ಹೇಳಬೇಕು. ಬೇಗ ಬರುವ ಅಂಗಮಾರಿಯಲ್ಲಿ ಎಲೆಯ ಮಚ್ಚೆಯೊಳಗೆ ಬಳೆ ಬಳೆಯಂಥ ಗೆರೆ ಇರುತ್ತೆ. ತಡವಾಗಿ ಬರುವ ಅಂಗಮಾರಿಯಲ್ಲಿ ತೇವ ಇರುವಾಗ ಎಲೆಯ ಅಡಿಭಾಗದಲ್ಲಿ ಬಿಳಿ ಬೂಷ್ಟು ಕಾಣುತ್ತೆ. ಈ ಎರಡಕ್ಕಿರೋ ವ್ಯತ್ಯಾಸ ಕೆಲವು ಮಿಲಿಮೀಟರಿನಲ್ಲಿ ಇರೋದು. ಫೋಟೊದಲ್ಲಿ ಅದೇ ಕಾಣದಿದ್ದರೆ ಔಷಧಿಯ ದುಡ್ಡೂ ಹೋಯ್ತು, ಬೆಳೆಯೂ ಹೋಯ್ತು.

ಇಲ್ಲಿ ಆಗೋ ತಪ್ಪೇನು? ಚೆನ್ನಾಗಿ ಕಾಣಲಿ ಅಂತ ಫೋನನ್ನು ಎಲೆಗೆ ತಾಗಿಸೋ ಹಾಗೆ ಹಿಡಿಯೋದು. ಪ್ರತಿ ಲೆನ್ಸಿಗೂ ಫೋಕಸ್ ಆಗೋಕೆ ಇಂತಿಷ್ಟು ದೂರ ಅಂತ ಬೇಕು. ಅದಕ್ಕಿಂತ ಹತ್ತಿರ ಹೋದರೆ ಎಷ್ಟು ಸಲ ಒತ್ತಿದರೂ ಮಂಜೇ. ಒಂದು ಗೇಣು ದೂರ ಸರಿದು, 2 ಪಟ್ಟು ಝೂಮ್ ಮಾಡಿ, ಮಚ್ಚೆಯ ಮೇಲೆ ಬೆರಳಿಟ್ಟು ಫೋಕಸ್ ಮಾಡಿ. ಗಾಳಿಗೆ ಎಲೆ ಅಲ್ಲಾಡುತ್ತಿದ್ದರೆ ತೊಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಎಲೆಯ ಮೇಲ್ಭಾಗ ಒಂದು, ಅಡಿಭಾಗ ಒಂದು, ಇಡೀ ಗಿಡ ಒಂದು, ಹೊಲದ ಆ ಸಾಲು ಒಂದು, ಹೀಗೆ ನಾಲ್ಕು ಫೋಟೊ ಬೇಕು. ಬರೀ ಎಲೆ ನೋಡಿದವರಿಗೆ ರೋಗ ಎಷ್ಟು ಹಬ್ಬಿದೆ ಅಂತ ಗೊತ್ತಾಗೋದಿಲ್ಲ.

ಕಳಿಸೋದರಲ್ಲೂ ಒಂದು ತಪ್ಪಿದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊದ ಗಾತ್ರ ಇಳಿಸಿಯೇ ಕಳಿಸುತ್ತೆ. ಅದನ್ನೇ ಇನ್ನೊಬ್ಬರು ಇಳಿಸಿಕೊಂಡು ದೊಡ್ಡದು ಮಾಡಿ ನೋಡಿದರೆ ಸಣ್ಣ ವಿವರಗಳು ಸಿಗೋದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದದ್ದು ತೆಗೆದ ಹಾಗೇ ಹೋಗುತ್ತೆ. ಇದನ್ನು ಮನೆಯವರಿಗೆ ಕಲಿಸೋಕೆ ಐದು ನಿಮಿಷ ಸಾಕು. ನಮ್ಮ ರಾಜ್ಯದಲ್ಲಿ ರೈತರೇ ಆ್ಯಪ್ ಮೂಲಕ ತಮ್ಮ ಬೆಳೆಯ ಫೋಟೊ ಹಾಕುವ ಬೆಳೆ ಸಮೀಕ್ಷೆ ಬಂದಿದೆ. ಬೆಳೆ ನಷ್ಟವಾದರೆ ವಿಮೆಗೆ 72 ಗಂಟೆಯೊಳಗೆ ತಿಳಿಸಬೇಕು ಅನ್ನೋ ನಿಯಮವೂ ಇದೆ. ಫೋಟೊ ತೆಗೆಯೋಕೆ ಬರಬೇಕಾದ್ದು ಹೊಲದಲ್ಲಿ ನಿಂತ ನಮ್ಮ ಅಪ್ಪನಿಗೂ ಕೂಡ.

ಇನ್ನು ಅತಿ ಸಣ್ಣ ತಪ್ಪು, ಅಷ್ಟೇ ಸಾಮಾನ್ಯವಾದದ್ದು: ಲೆನ್ಸ್ ಒರೆಸದೇ ಇರೋದು. ಜೇಬಿನ ಧೂಳು, ಕೈಯ ಬೆವರು, ಹೊಗೆಸೊಪ್ಪು ಮುಟ್ಟಿದ ಕೈಯ ಅಂಟು ಎಲ್ಲ ಲೆನ್ಸಿನ ಮೇಲೆ ಪೊರೆ ಕಟ್ಟುತ್ತೆ. ಆಮೇಲೆ ಪ್ರತಿ ದೀಪದ ಸುತ್ತಲೂ ಪ್ರಭಾವಳಿ. ಹಳೇ ಹತ್ತಿ ಬಟ್ಟೆಯಿಂದ ಮೆತ್ತಗೆ ಒರೆಸಿ. “ಫೋನ್ ಹಳೇದಾಯ್ತು, ಕ್ಯಾಮೆರಾ ಹೋಯ್ತು” ಅನ್ನೋ ದೂರುಗಳಲ್ಲಿ ಕೆಲವು ಇಲ್ಲೇ ತೀರುತ್ತೆ.

ಗೊಮ್ಮಟ ಮತ್ತು ಬಳಪದ ಕಲ್ಲು

ಶ್ರವಣಬೆಳಗೊಳಕ್ಕೆ ಡಿಸೆಂಬರ್ ರಜೆಯಲ್ಲಿ ಹೋಗಿ ಬಂದವರ ಫೋಟೊ ನೋಡಿ. ಆಕಾಶ ಬೆಳ್ಳಗೆ, ಗೊಮ್ಮಟನ ಮುಖ ಮಂಕಾಗಿ ಇರುತ್ತೆ. ಬಯ್ಯೋದು ಫೋನಿಗೆ. ಕಾರಣ ಇರೋದು ಭೂಗೋಳದಲ್ಲಿ. ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ನಿಲ್ಲಿಸಿದ ಸುಮಾರು 57 ಅಡಿಯ ಆ ಮೂರ್ತಿ ಉತ್ತರಕ್ಕೆ ಮುಖ ಮಾಡಿದೆ. ಬೆಳಗೊಳ ಇರೋದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದಲ್ಲಿ ಸೂರ್ಯ ಹುಟ್ಟೋದೂ ಮುಳುಗೋದೂ ದಕ್ಷಿಣಕ್ಕೆ ವಾಲಿ, ದಿನವಿಡೀ ಅವನು ಮೂರ್ತಿಯ ಬೆನ್ನ ಹಿಂದೆಯೇ ಇರ್ತಾನೆ. ಎದುರು ನಿಂತವರು ಸೂರ್ಯನ ಕಡೆಗೇ ಕ್ಯಾಮೆರಾ ಹಿಡಿದ ಹಾಗೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಸೂರ್ಯ ಉತ್ತರಕ್ಕೆ ವಾಲಿ ಹುಟ್ಟೋದರಿಂದ ಬೆಳಗಿನ ಓರೆ ಬೆಳಕು ಮುಖದ ಮೇಲೆ ಬೀಳುತ್ತೆ. ಮೋಡವಿಲ್ಲದ ಏಪ್ರಿಲ್, ಮೇ ಬೆಳಗ್ಗೆ ಒಳ್ಳೇ ಸಮಯ. ಬರಿಗಾಲಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕಾದ್ದರಿಂದ ಕಾಲಿಗೂ ಆ ಹೊತ್ತೇ ವಾಸಿ.

ಡಿಸೆಂಬರಿನಲ್ಲೇ ಹೋಗಬೇಕಾಗಿ ಬಂದರೆ? ಪರದೆಯ ಮೇಲೆ ಮೂರ್ತಿಯ ಮುಖದ ಜಾಗಕ್ಕೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಬೆಳಕಿನ ಅಳತೆ ಅಲ್ಲಿಗೆ ನಿಲ್ಲುತ್ತೆ. ಆಕಾಶ ಬೆಳ್ಳಗಾದರೆ ಆಗಲಿ, ಬೇಕಾದ್ದು ಮುಖ. ಪಾದದ ಬಳಿಯೇ ನಿಂತು ಕ್ಯಾಮೆರಾ ಮೇಲೆತ್ತಿದರೆ ಪಾದ ದೊಡ್ಡದು, ತಲೆ ಚಿಕ್ಕದು ಆಗುತ್ತೆ. ಆದಷ್ಟು ಹಿಂದೆ ಬನ್ನಿ.

ಬೇಲೂರು, ಹಳೇಬೀಡಿನಲ್ಲಿ ತಪ್ಪು ಇದಕ್ಕೆ ತದ್ವಿರುದ್ಧ. ಕ್ಯಾಮೆರಾಕ್ಕೆ ಕಲ್ಲು ಯಾವುದು, ಗೋಡೆ ಯಾವುದು ಗೊತ್ತಿಲ್ಲ. ಎದುರಿಗಿರೋದೆಲ್ಲ ಸರಾಸರಿ ಬೂದು ಬಣ್ಣ ಅಂದುಕೊಂಡು ಲೆಕ್ಕ ಹಾಕುತ್ತೆ. ಹಾಗಾಗಿ ಫ್ರೇಮ್ ತುಂಬ ಕಪ್ಪಾದ ಬಳಪದ ಕಲ್ಲಿದ್ದರೆ ಅದನ್ನು ಬೆಳಗಿಸಿ ಬೂದಿ ಮಾಡುತ್ತೆ. ಫ್ರೇಮ್ ತುಂಬ ಬಿಳಿ ಪಂಚೆ, ಸುಣ್ಣದ ಗೋಡೆ ಇದ್ದರೆ ಮಬ್ಬು ಮಾಡುತ್ತೆ. ಕಪ್ಪಿಗೆ ಬೆಳಕನ್ನು ಸ್ವಲ್ಪ ಇಳಿಸಿ, ಬಿಳಿಗೆ ಸ್ವಲ್ಪ ಏರಿಸಿ. ಫೋಕಸ್ ಮಾಡಿದಾಗ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಎಳೆದರೆ ಇದಾಗುತ್ತೆ. ಕೆತ್ತನೆಗೆ ಫ್ಲ್ಯಾಶ್ ಬೇಡವೇ ಬೇಡ. ಎದುರಿನಿಂದ ಬಿದ್ದ ಬೆಳಕಿಗೆ ನೆರಳೇ ಇರೋದಿಲ್ಲ, ನೆರಳಿಲ್ಲದೆ ಉಬ್ಬು ತಗ್ಗು ಕಾಣೋದಿಲ್ಲ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿಗೆ ಕಾಯಿರಿ.

ಇದರಿಂದ ಏನು ಉಪಯೋಗ ಅನ್ನೋರಿಗೆ ಒಂದು ಘಟನೆ ನೆನಪಿಸ್ತೀವಿ. 2020ರ ನವೆಂಬರಿನಲ್ಲಿ ನಮ್ಮ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನದಲ್ಲಿ ಕಾಳಿಯ ವಿಗ್ರಹ ಒಡೆದು ಬಿದ್ದದ್ದು ಕಂಡುಬಂತು. ಹೊಯ್ಸಳರ ಕಾಲದ, 12ನೇ ಶತಮಾನದ ಗುಡಿ ಅದು. ಇಂಥ ಹೊತ್ತಲ್ಲಿ ಮೊದಲು ಹೇಗಿತ್ತು ಅಂತ ಹೇಳೋಕೆ ಉಳಿಯೋದು ಹಳೇ ಫೋಟೊಗಳೇ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಆ ಪಟ್ಟಿಯಲ್ಲಿಲ್ಲದ ಮೊಸಳೆ, ನುಗ್ಗೇಹಳ್ಳಿಗಳ ಗುಡಿಗಳೂ ನಮ್ಮಲ್ಲಿವೆ. ಅಲ್ಲಿಗೆ ಹೋದಾಗ ಹತ್ತು ಸೆಲ್ಫಿಯ ಜೊತೆ ಗೋಡೆಯ ನಾಲ್ಕು ನೇರ ಫೋಟೊ ತೆಗೆದಿಡಿ. ಒಂದು ಮಾತು ತಿಳಿದಿರಲಿ: ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಗರ್ಭಗುಡಿಯಲ್ಲಿ ಬೇಡ ಅಂದರೆ ಬೇಡ, ವಾದ ಮಾಡಬೇಡಿ.

ರಾಜ್ಯೋತ್ಸವದ ವೇದಿಕೆ

ನವೆಂಬರ್ ಬಂತು ಅಂದರೆ ಸಂಘಕ್ಕೆ ಫೋಟೊಗಳ ಸುರಿಮಳೆ. ಅದರಲ್ಲಿ ಅಲ್ಲಾಡಿದವೇ ಜಾಸ್ತಿ. ಇದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವಿವರಿಸೋದು ಸುಲಭ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಎರಡರಲ್ಲಿ ಒಂದು ಮಾಡುತ್ತೆ. ಶಟರ್ ಹೆಚ್ಚು ಹೊತ್ತು ತೆರೆದಿಟ್ಟರೆ ಡೊಳ್ಳು ಕುಣಿತದವರ ಕೈ ಮಂಜಾಗುತ್ತೆ. ಐಎಸ್‌ಒ ಏರಿಸಿದರೆ ಕಾಳು ಕಾಳಾಗುತ್ತೆ. ಎಲೆಕ್ಟ್ರಾನಿಕ್ಸ್‌ನವರಿಗೆ ಗೊತ್ತು, ಗೇನ್ ಏರಿಸಿದರೆ ಸಿಗ್ನಲ್ ಜೊತೆ ನಾಯ್ಸ್ ಕೂಡ ಏರುತ್ತೆ. ನೈಟ್ ಮೋಡ್ ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಜೋಡಿಸೋದರಿಂದ ನಿಂತ ಕಟ್ಟಡಕ್ಕೆ ಸರಿ, ಕುಣಿಯೋರಿಗೆ ಅಲ್ಲ. ಹತ್ತನೇ ಸಾಲಿನಿಂದ ಫ್ಲ್ಯಾಶ್ ಹಾಕಿದರೆ ಮುಂದೆ ಕೂತವರ ತಲೆ ಮಾತ್ರ ಬೆಳಗುತ್ತೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೀವಲ್ಲ. ಮುಂದೆ ಹೋಗಿ, ಗೋಡೆಗೋ ಕಂಬಕ್ಕೋ ಒರಗಿ, ಕುಣಿತದಲ್ಲಿ ಒಂದು ಕ್ಷಣ ನಿಲ್ಲುವ ಭಂಗಿಗೆ ಕಾದು ಒತ್ತಿ.

ಶೆಟ್ಟಿಹಳ್ಳಿಯ ಚರ್ಚು

ಹಾಸನ ಅಂದರೆ ಇನ್‌ಸ್ಟಾಗ್ರಾಮಿನಲ್ಲಿ ಬರೋದು ಶೆಟ್ಟಿಹಳ್ಳಿಯ ಚರ್ಚು. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮತ್ತೆ ಏಳುತ್ತೆ. ಅಲ್ಲಿ ತೆಗೆದ ಫೋಟೊಗಳಲ್ಲಿ ಮೊದಲು ಕಾಣೋ ತಪ್ಪು ಓರೆಯಾದ ನೀರು. ಹೇಮಾವತಿ ಒಂದು ಕಡೆಗೆ ಚೆಲ್ಲಿಹೋಗ್ತಾ ಇರೋ ಹಾಗೆ ಕಾಣುತ್ತೆ. ಸರ್ವೆ ಪ್ರಾಕ್ಟಿಕಲ್ಸಿನಲ್ಲಿ ಗುಳ್ಳೆ ಮಧ್ಯಕ್ಕೆ ಬರುವವರೆಗೂ ಲೆವೆಲ್ ಮಾಡೋ ಸಿವಿಲ್‌ನವರು ಕೂಡ ಫೋನಿನಲ್ಲಿ ಗ್ರಿಡ್ ಆನ್ ಮಾಡಿಕೊಳ್ಳೋದಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಒಂದು ಸಲ ಆನ್ ಮಾಡಿದರೆ ಮುಗೀತು. ನೀರಿನ ಅಂಚು, ಕೆಸರು, ಸಡಿಲ ಗೋಡೆಗಳ ಮೇಲೆ ಹತ್ತಿ ನಿಲ್ಲೋದು ತಪ್ಪುಗಳಲ್ಲೆಲ್ಲ ದೊಡ್ಡದು. ಅದನ್ನು ತಿದ್ದಿಕೊಳ್ಳೋಕೆ ಎರಡನೇ ಅವಕಾಶ ಸಿಗದೇ ಹೋಗಬಹುದು.

ನಮ್ಮ ತಕರಾರು ಇನ್ನೊಂದಿದೆ. ಎಲ್ಲರೂ ಅದೇ ಕಮಾನು, ಅದೇ ಕೋನ. ಆ ಚರ್ಚಿಗೆ ಬರ್ತಿದ್ದ ಜನ ಯಾರು, ನೀರು ಬಂದಾಗ ಎಲ್ಲಿಗೆ ಹೋದರು ಅಂತ ಕ್ಯಾಮೆರಾ ಹಿಡಿದವರು ಕೇಳೋದು ಕಡಿಮೆ. ಹೇಮಾವತಿಯ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಎದ್ದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಳುಗಿದ ಬೀದಿ, ಕಟ್ಟೆ, ಬಾವಿಯ ಫೋಟೊ ಅವರಲ್ಲಿ ಎಷ್ಟು ಜನರ ಮನೆಯಲ್ಲಿರಬಹುದು ಯೋಚಿಸಿ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಈ ಹೊಳೆ ದಂಡೆಯ ಜನರ ಬಗ್ಗೆ ಬರೆದ ಪುಸ್ತಕಕ್ಕೆ ‘ಹಳ್ಳಿಯ ಚಿತ್ರಗಳು’ ಅಂತಲೇ ಹೆಸರಿಟ್ಟರು. ಅವರ ಹತ್ತಿರ ಇದ್ದದ್ದು ಪೆನ್ನು. ಜೇಬಲ್ಲಿ ಕ್ಯಾಮೆರಾ ಇಟ್ಟುಕೊಂಡು ಓಡಾಡುವ ನಮ್ಮ ಕಾಲದ ಹಳ್ಳಿಯ ಚಿತ್ರಗಳು ಎಲ್ಲಿ?

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಈ ಪ್ರಶ್ನೆಗೆ ಉತ್ತರ ಕೊಟ್ಟವರು. ಬೀದಿಯ ಮಕ್ಕಳು, ಕೆಲಸದ ಹೆಂಗಸರು, ಸಾಮಾನ್ಯ ಜನರ ಮಾಮೂಲಿ ದಿನ, ಇವೇ ಅವರ ವಸ್ತು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೊಗಳ ಪ್ರದರ್ಶನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ನಡೆಯಿತು. ಒಂದು ರೋಲಿಗೆ 36 ಫೋಟೊ ಅನ್ನೋ ಕಾಲ ಅದು. ಪ್ರತಿ ಕ್ಲಿಕ್ಕಿಗೂ ದುಡ್ಡು, ಹಾಗಾಗಿ ಮೊದಲು ನೋಡಿ ಆಮೇಲೆ ಒತ್ತುತ್ತಿದ್ದರು. ಈಗ ಒತ್ತೋದು ಪುಕ್ಕಟೆ ಆದ್ದರಿಂದ ನೋಡೋದೇ ನಿಂತುಹೋಗಿದೆ.

ಕೇಳದೆ ತೆಗೆಯೋದು

ನಾಟಿ ಹಾಕೋ ಹೆಂಗಸರು, ಬ್ಯಾರನ್ ಮುಂದೆ ಹೊಗೆಸೊಪ್ಪು ಪೋಣಿಸೋರು, ಸಂತೆಯಲ್ಲಿ ಕೂತ ಅಜ್ಜಂದಿರು ಒಳ್ಳೇ ಫೋಟೊ ಆಗ್ತಾರೆ ನಿಜ. ಆದರೆ ಸೀರೆ ಎತ್ತಿ ಕಟ್ಟಿ ಕೆಸರಲ್ಲಿ ಬಗ್ಗಿದವರನ್ನು ದೂರದಿಂದ ಝೂಮ್ ಮಾಡಿ ತೆಗೆದು, “ನಮ್ಮ ಹಳ್ಳಿ ಸೊಗಡು” ಅಂತ ಸ್ಟೇಟಸ್ ಹಾಕೋದು ಕಲೆಯಲ್ಲ. “ಅಕ್ಕ, ಒಂದು ಫೋಟೊ ತೆಗೀಲಾ?” ಅಂತ ಕೇಳಿ. ಬೇಡ ಅಂದರೆ ಫೋನ್ ಜೇಬಿಗೆ ಹಾಕಿ. ಹೂಂ ಅಂದರೆ ತೆಗೆದು ತೋರಿಸಿ, ಅವರ ಮಗನ ನಂಬರಿಗೆ ಕಳಿಸಿ. ಮಕ್ಕಳದ್ದಾದರೆ ಮನೆಯವರನ್ನೇ ಕೇಳಿ.

ತೆಗೆದ ಮೇಲೆ

“ಈಗ ಎಐ ಇದೆಯಲ್ಲ, ಎಲ್ಲ ಸರಿ ಮಾಡುತ್ತೆ ಬಿಡಿ” ಅನ್ನೋರು ನಮ್ಮ ನಡುವೆ ಇದ್ದಾರೆ. ಮಂಜಾದ ಮುಖವನ್ನು ಎಐ ಸ್ಪಷ್ಟ ಮಾಡೋದು ಹೇಗೆ? ಲಕ್ಷಾಂತರ ಬೇರೆ ಮುಖಗಳನ್ನು ನೋಡಿ ಕಲಿತದ್ದರಿಂದ ಊಹಿಸಿ ತುಂಬುತ್ತೆ. ಅಲ್ಲಿ ಬರೋದು ಅಜ್ಜಿಯ ಹಾಗೆ ಕಾಣುವ ಒಬ್ಬರು. ಅಜ್ಜಿಯ ಹುಬ್ಬಿನ ಮೇಲಿದ್ದ ಗಾಯದ ಗುರುತು ಅದಕ್ಕೆ ಗೊತ್ತಿಲ್ಲ. ಎಲೆಯ ಮಚ್ಚೆಯನ್ನೂ ಅದು ಹೀಗೇ ನುಣ್ಣಗೆ ಮಾಡಿಬಿಟ್ಟೀತು. ಸಾಕ್ಷಿಯನ್ನು ಊಹೆಯಿಂದ ತಿದ್ದೋಕೆ ಬರೋದಿಲ್ಲ.

ಹಾಗಾಗಿ ಕೊನೆಯ ತಪ್ಪು, ಇಟ್ಟುಕೊಳ್ಳೋಕೆ ಬಾರದೇ ಇರೋದು. ಫೋನ್ ಕೆರೆಗೆ ಬಿತ್ತು, ಎಲ್ಲ ಹೋಯ್ತು ಅನ್ನೋ ಕಥೆ ಪ್ರತಿ ಹಾಸ್ಟೆಲಿನಲ್ಲೂ ಇದೆ. ತಿಂಗಳಿಗೊಮ್ಮೆ ಕೂತು ಒಂದೇ ಥರದ ಇಪ್ಪತ್ತರಲ್ಲಿ ಒಂದು ಉಳಿಸಿ ಉಳಿದದ್ದು ಅಳಿಸಿ. ಉಳಿದದ್ದಕ್ಕೆ ಯಾರು, ಎಲ್ಲಿ, ಯಾವಾಗ ಅಂತ ಬರೆದಿಡಿ. ಎರಡು ಬೇರೆ ಜಾಗದಲ್ಲಿ ಕಾಪಿ ಇರಲಿ. ಮನೆಯ ಹಳೇ ಆಲ್ಬಮ್ಮಿನ ಫೋಟೊಗಳನ್ನೂ ಇಳಿಸಿಕೊಳ್ಳಿ. ಗಾಜು, ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದು, ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಇಲ್ಲದೆ ನೇರ ಮೇಲಿಂದ ತೆಗೆದರೆ ಹೊಳಪು ಬರೋದಿಲ್ಲ. ಹಿಂದೆ ಬರೆದ ಹೆಸರಿದ್ದರೆ ಅದರದ್ದೂ ಒಂದು ಇರಲಿ. ಕಪ್ಪು ಬಿಳುಪು ಫೋಟೊದಲ್ಲಿ ನಿಂತವರ ಹೆಸರು ಹೇಳಬಲ್ಲ ಒಬ್ಬರೋ ಇಬ್ಬರೋ ಈಗಲೂ ಮನೆಯಲ್ಲಿರ್ತಾರೆ. ಈಗಲೇ ಕೇಳಿ ಬರೆದುಕೊಳ್ಳಿ.

ಹೊಸ ಕ್ಯಾಮೆರಾ ಕೊಳ್ಳಿ ಅಂತ ಈ ಬರಹದಲ್ಲಿ ಎಲ್ಲೂ ಹೇಳಿಲ್ಲ, ಗಮನಿಸಿರಬಹುದು. ಇಲ್ಲಿ ಬಂದ ತಪ್ಪುಗಳು ನಿಲ್ಲೋ ಜಾಗ ಬದಲಿಸಿದರೆ, ಸ್ವಲ್ಪ ಹೊತ್ತು ಕಾದರೆ, ಒಂದು ಮಾತು ಕೇಳಿದರೆ ಸರಿಹೋಗುವಂಥವು. ಈ ಸೆಮಿಸ್ಟರ್ ರಜೆಗೆ ಊರಿಗೆ ಹೋಗೋರಿಗೆ ಸಂಘದ ಕಡೆಯಿಂದ ಇಷ್ಟೇ ಕೋರಿಕೆ: ಮನೆಯ ಹಿರಿಯರ ಒಂದು ನೆಟ್ಟಗಿನ ಫೋಟೊ, ಅವರು ಮಾಡುವ ಕೆಲಸದ ಒಂದು ಫೋಟೊ, ಇನ್ನೇನು ಬೀಳುವ ಹಾಗಿರುವ ಊರಿನ ಯಾವುದಾದರೂ ಕಟ್ಟಡದ ಒಂದು ಫೋಟೊ ತೆಗೆಯಿರಿ. ಮೂರನ್ನೂ ಹೆಸರು, ಊರು, ತಾರೀಖು ಬರೆದು ಮನೆಯಲ್ಲಿಡಿ. ಅವರು ಒಪ್ಪಿದರೆ ಒಂದು ಪ್ರತಿ ನಮ್ಮ ಪತ್ರಿಕೆಗೂ ಕಳಿಸಿ. ಮರೀಬೇಡಿ, ಡಾಕ್ಯುಮೆಂಟ್ ಆಗಿಯೇ ಕಳಿಸಿ.